14 ವರ್ಷದಿಂದ ಸಂಧಿವಾತ, ಈಗ ಹೃದಯಾಘಾತ: ಇವೆರಡಕ್ಕೂ ಸಂಬಂಧವಿದೆಯೇ?

ಗಾಂಧಿಬಜಾರಿನ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 62 ವರ್ಷ. ಅವರಿಗೆ ರುಮಟಾಯ್ಡ್ ಸಂಧಿವಾತ ಇದೆಯೆಂದು ಗೊತ್ತಾಗಿ 14 ವರ್ಷಗಳಾದವು. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಯ ತನಕ ಅವರ ಬೆರಳುಗಳು ಮಡಚುವುದಿಲ್ಲ. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು, ಅದರ ಬಿಸಿಗೆ ಕೈ ಸ್ವಲ್ಪ ಸಡಿಲವಾದ ಮೇಲೆಯೇ ಕುಡಿಯುವುದು ಅವರ ರೂಢಿ. ಕುಕ್ಕರಿನ ಮುಚ್ಚಳ ತೆಗೆಯುವುದನ್ನೂ ಬಟ್ಟೆ ಹಿಂಡುವುದನ್ನೂ ಬಿಟ್ಟು ಎಷ್ಟೋ ಕಾಲವಾಯಿತು. ಪ್ರತಿ ಭಾನುವಾರ ರಾತ್ರಿ ಸಂಧಿವಾತ ಹತೋಟಿಗೆಂದು ಮೆಥೊಟ್ರೆಕ್ಸೇಟ್, ಮರುದಿನ ಫೋಲಿಕ್ ಆಸಿಡ್, ನೋವು ಹೆಚ್ಚಾದ ದಿನಗಳಲ್ಲಿ ಡೈಕ್ಲೋಫಿನಾಕ್ ಇರುವ ನೋವಿನ ಮಾತ್ರೆ. ಈ ಮೂರನೆಯದನ್ನು ಯಾವುದೋ ಕಾಲದಲ್ಲಿ ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದರು. ಆಮೇಲೆ ಚೀಟಿ ಇಲ್ಲದೆಯೇ ಅಂಗಡಿಯಿಂದ ತರಿಸಿಕೊಳ್ಳುತ್ತಾ ಬಂದರು. ದೇವರ ಮನೆಯ ಕಪಾಟಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಅದರ ಸ್ಟ್ರಿಪ್‌ಗಳು ಯಾವಾಗಲೂ ಇರುತ್ತಿದ್ದವು.

ಕಳೆದ ಆಷಾಢದಲ್ಲಿ ಒಂದು ಸೋಮವಾರ ಅವರಿಗೆ ಎಡ ಭುಜ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಭುಜದ ನೋವು ಅವರಿಗೆ ಹೊಸದಲ್ಲ, ಮಳೆಗಾಲದಲ್ಲಂತೂ ಅಲ್ಲವೇ ಅಲ್ಲ. ಬಿಸಿನೀರಿನ ಚೀಲ ಇಟ್ಟೆವು, ಮಾತ್ರೆ ಕೊಟ್ಟೆವು. ಮಂಗಳವಾರ ಊಟ ಸೇರಲಿಲ್ಲ, ಎದೆಯಲ್ಲಿ ಏನೋ ಹಿಡಿದುಕೊಂಡ ಹಾಗಿದೆ ಎಂದರು. ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಮಾಡಿಕೊಟ್ಟವಳು ನಾನೇ. ಬುಧವಾರ ರಾತ್ರಿ ಎರಡು ಗಂಟೆಗೆ ಮೈಯೆಲ್ಲಾ ಬೆವರಿ, ಉಸಿರು ಸಾಲದೆ ಎದ್ದು ಕುಳಿತರು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇ.ಸಿ.ಜಿ. ತೆಗೆದ ವೈದ್ಯರು, ಹೃದಯಾಘಾತವಾಗಿ ಆಗಲೇ ಒಂದೆರಡು ದಿನವಾಗಿರಬಹುದು ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಈಗ ಮನೆಯಲ್ಲಿದ್ದಾರೆ. ಆದರೆ ಮೊದಲ ಮಹಡಿಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ.

ನನ್ನನ್ನು ಕಾಡುತ್ತಿರುವ ವಿಷಯ ಇದು. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ. ಅವರು ತೆಳ್ಳಗಿದ್ದಾರೆ. ಹೃದಯಾಘಾತಕ್ಕೆ ನಾಲ್ಕು ತಿಂಗಳ ಮೊದಲು ಮಾಡಿಸಿದ್ದ ರಕ್ತಪರೀಕ್ಷೆಯಲ್ಲಿ ಕೆಟ್ಟದ್ದೆನ್ನುವ ಎಲ್‌ಡಿಎಲ್ ಕೊಲೆಸ್ಟ್ರಾಲ್ 98 ಇತ್ತು. ವರದಿಯಲ್ಲಿ ಅದರ ಪಕ್ಕ ಹೆಚ್ಚೆಂದು ತೋರಿಸುವ ಯಾವ ಗುರುತೂ ಇರಲಿಲ್ಲ. 14 ವರ್ಷಗಳಲ್ಲಿ ಕೀಲಿನ ವೈದ್ಯರನ್ನು ಕಡಿಮೆಯೆಂದರೂ 40 ಬಾರಿ ನೋಡಿದ್ದೇವೆ. ಬೆರಳು, ಮಣಿಕಟ್ಟು, ಮಂಡಿ ಎಲ್ಲವನ್ನೂ ಒತ್ತಿ ನೋಡಿದ್ದಾರೆ, ಲಿವರ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿದ್ದಾರೆ. ಹೃದಯದ ಮಾತು ಒಮ್ಮೆಯೂ ಬರಲಿಲ್ಲ. ಸ್ಟೆಂಟ್ ಹಾಕಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಸಂಧಿವಾತದ ಹೆಸರೇ ಇಲ್ಲ. ಇವೆರಡಕ್ಕೂ ಸಂಬಂಧ ಇದೆಯೇ? ಇದ್ದರೆ ನಮಗೆ ಯಾರು ಹೇಳಬೇಕಿತ್ತು?

ವಾತರೋಗ ವೈದ್ಯೆ, ಜಯನಗರ

ತಾಯಿಯವರ ಕಡತ ನೋಡದೆ ಅವರ ಬಗ್ಗೆ ತೀರ್ಪು ಹೇಳುವುದು ನನ್ನಿಂದಾಗದು. ಆದರೆ ತಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೆ. ಹೌದು, ಸಂಬಂಧ ಇದೆ, ಮತ್ತು ಅದು ಗಟ್ಟಿಯಾದ ಸಂಬಂಧ. ನಮ್ಮ ವೃತ್ತಿಯವರು ಇದನ್ನು ರೋಗಿಗಳ ಮುಂದೆ ಆಡಬೇಕಾದಷ್ಟು ಆಡುತ್ತಿಲ್ಲ ಎಂಬುದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ರುಮಟಾಯ್ಡ್ ಸಂಧಿವಾತ ಕಣ್ಣಿಗೆ ಕಾಣುವುದು ಕೀಲುಗಳಲ್ಲಿ, ಆದರೆ ಅದು ಇಡೀ ದೇಹದ ಕಾಯಿಲೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆಯೇ ತಿರುಗಿಬೀಳುತ್ತದೆ. ಆಗ ಹುಟ್ಟುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶವಾಹಕ ಪ್ರೋಟೀನುಗಳು ಕೀಲಿನಲ್ಲಿಯೇ ಉಳಿಯದೆ ರಕ್ತಕ್ಕೆ ಸೇರುತ್ತವೆ. ಯಕೃತ್ತು ಅದಕ್ಕೆ ಪ್ರತಿಯಾಗಿ ಸಿ.ಆರ್.ಪಿ. ಎಂಬ ಪ್ರೋಟೀನನ್ನು ತಯಾರಿಸುತ್ತದೆ, ತಾವು ಪ್ರತಿ ಭೇಟಿಗೂ ಮಾಡಿಸುವ ಪರೀಕ್ಷೆ ಅಳೆಯುವುದು ಅದನ್ನೇ. ಈ ಕೆರಳಿಕೆಯನ್ನೇ ನಾವು ಉರಿಯೂತ ಎನ್ನುತ್ತೇವೆ. ಅದು ರಕ್ತನಾಳಗಳ ನಯವಾದ ಒಳಪದರವನ್ನೂ ಕೆಡಿಸುತ್ತದೆ. ಕೆಟ್ಟ ಪದರಕ್ಕೆ ಬಿಳಿ ರಕ್ತಕಣಗಳು ಅಂಟಿಕೊಳ್ಳುತ್ತವೆ, ಕೊಲೆಸ್ಟ್ರಾಲ್ ಒಳಗೆ ನುಗ್ಗಿ ಗಡ್ಡೆಗಟ್ಟುತ್ತದೆ, ಆ ಗಡ್ಡೆಯ ಮೇಲಿನ ತೆಳು ಹೊದಿಕೆ ಉರಿಯೂತದಿಂದ ಸವೆದು ಒಂದು ದಿನ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುವುದೇ ಹೃದಯಾಘಾತ. ಬೆರಳಿನ ಕೀಲನ್ನು ಸವೆಸುವುದೂ ನಾಳದ ಗಡ್ಡೆಯನ್ನು ಸಡಿಲಗೊಳಿಸುವುದೂ ಬಹುಮಟ್ಟಿಗೆ ಒಂದೇ ಬಗೆಯ ಕಣಗಳ ಕೆಲಸ.

ಎಷ್ಟು ಅಪಾಯ ಎಂದು ಕೇಳಿದರೆ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಈ ಕಾಯಿಲೆ ಇರುವವರು ಹೃದಯ ಮತ್ತು ರಕ್ತನಾಳದ ತೊಂದರೆಗಳಿಂದ ಸಾಯುವ ಸಂಭವ ಉಳಿದವರಿಗಿಂತ ಸುಮಾರು ಶೇ 50ರಷ್ಟು ಹೆಚ್ಚು ಎಂದು ಕಂಡುಬಂತು. ಯುರೋಪಿನ ವಾತರೋಗ ತಜ್ಞರ ಒಕ್ಕೂಟವಾದ ಯೂಲಾರ್, ಸಾಮಾನ್ಯ ಜನರಿಗೆಂದು ರೂಪಿಸಿದ ಹೃದಯದ ಅಪಾಯದ ಲೆಕ್ಕಾಚಾರದಲ್ಲಿ ಸಂಧಿವಾತವನ್ನು ಪರಿಗಣಿಸಿಲ್ಲದಿದ್ದರೆ ಬಂದ ಉತ್ತರವನ್ನು 1.5ರಿಂದ ಗುಣಿಸಿರಿ ಎಂದು ವೈದ್ಯರಿಗೆ ಹೇಳುತ್ತದೆ. ಬ್ರಿಟನ್ನಿನ ಕ್ಯೂರಿಸ್ಕ್ ಲೆಕ್ಕಾಚಾರದಲ್ಲಿ ಸಂಧಿವಾತಕ್ಕೆ ಪ್ರತ್ಯೇಕ ಪ್ರಶ್ನೆಯೇ ಇದೆ. ಅಮೆರಿಕದ ಹೃದ್ರೋಗ ಸಂಸ್ಥೆಗಳ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯೂ ಇದನ್ನು ಅಪಾಯ ಹೆಚ್ಚಿಸುವ ಅಂಶಗಳ ಸಾಲಿನಲ್ಲಿ ಸೇರಿಸಿದೆ.

ಈಗ ಆ 98ರ ವಿಷಯ. ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿದ್ದರೆ ಅಪಾಯ, ಕಡಿಮೆಯಿದ್ದರೆ ನೆಮ್ಮದಿ ಎಂದು ನಾವೆಲ್ಲರೂ ಕಲಿತಿದ್ದೇವೆ. ಸಂಧಿವಾತ ಕೆರಳಿರುವಾಗ ಈ ಪಾಠ ತಪ್ಪುದಾರಿಗೆ ಎಳೆಯುತ್ತದೆ. ಉರಿಯೂತ ಜೋರಾಗಿದ್ದರೆ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ ಎರಡೂ ಇಳಿಯುತ್ತವೆ, ಆದರೆ ಅಪಾಯ ಇಳಿಯುವುದಿಲ್ಲ, ಏರುತ್ತದೆ. ಔಷಧಿ ಹಿಡಿದು ಉರಿಯೂತ ತಗ್ಗಿದಾಗ ಕೊಲೆಸ್ಟ್ರಾಲ್ ಸ್ವಲ್ಪ ಮೇಲೇರುವುದನ್ನು ನೋಡಿ ಗಾಬರಿಯಾಗುವವರೂ ಇದ್ದಾರೆ. ಆದ್ದರಿಂದಲೇ ಈ ಪರೀಕ್ಷೆಯನ್ನು ಕಾಯಿಲೆ ಹತೋಟಿಯಲ್ಲಿರುವಾಗ ಮಾಡಿಸುವುದು ಒಳ್ಳೆಯದು, ಒಟ್ಟು ಕೊಲೆಸ್ಟ್ರಾಲಿಗೂ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್‌ಗೂ ಇರುವ ಅನುಪಾತವನ್ನು ನೋಡುವುದು ಇನ್ನೂ ಒಳ್ಳೆಯದು. ಹೃದಯಾಘಾತಕ್ಕೆ ನಾಲ್ಕು ತಿಂಗಳ ಮೊದಲಿನ ಆ ವರದಿಯಲ್ಲಿ ಸಿ.ಆರ್.ಪಿ. ಎಷ್ಟಿತ್ತು ಎಂದು ದಯವಿಟ್ಟು ಹುಡುಕಿ ನೋಡಿ. ತೆಳ್ಳಗಿರುವುದೂ ಈ ಕಾಯಿಲೆಯಲ್ಲಿ ರಕ್ಷಣೆಯಲ್ಲ. ದೀರ್ಘಕಾಲದ ಉರಿಯೂತ ಸ್ನಾಯುಗಳನ್ನು ಕರಗಿಸುವುದರಿಂದ ತೂಕ ತೀರಾ ಕಡಿಮೆಯಾದವರಲ್ಲಿ ಹೃದಯದ ಅಪಾಯ ಹೆಚ್ಚೆಂದು ಕಂಡುಬಂದಿದೆ.

ಭುಜದ ನೋವನ್ನು ಕೀಲಿನದೆಂದು ತಿಳಿದದ್ದಕ್ಕೆ ತಾವು ತಮ್ಮನ್ನು ದೂಷಿಸಿಕೊಳ್ಳಬೇಡಿ. ಅಮೆರಿಕದ ಮಿನ್ನೆಸೋಟದ ಒಂದು ಜಿಲ್ಲೆಯ ಜನರನ್ನು ದಶಕಗಳ ಕಾಲ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಧಿವಾತ ಇರುವವರು ಎದೆನೋವೆಂದು ಹೇಳಿಕೊಳ್ಳುವುದು ಕಡಿಮೆ, ಆದರೆ ಯಾರ ಗಮನಕ್ಕೂ ಬಾರದ ಹೃದಯಾಘಾತವೂ ಹಠಾತ್ ಸಾವೂ ಅವರಲ್ಲಿ ಸುಮಾರು ಎರಡು ಪಟ್ಟು ಎಂದು ತಿಳಿದುಬಂತು. ನೋವಿನ ಜೊತೆಯಲ್ಲಿಯೇ ಬದುಕುವವರು ಹೊಸ ನೋವನ್ನು ಹಳೆಯದರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ದಿನವೂ ಮಾತ್ರೆ ನುಂಗುವವರಲ್ಲಿ ಆ ಹೊಸ ನೋವು ಪೂರ್ತಿ ತಲೆಯೆತ್ತುವುದೂ ಇಲ್ಲ.

ಮಲ್ಲೇಶ್ವರದ ನಿವೃತ್ತ ಫಾರ್ಮಸಿಸ್ಟ್

31 ವರ್ಷ ಔಷಧಿ ಅಂಗಡಿಯ ಗಲ್ಲೆಯ ಹಿಂದೆ ನಿಂತವನು ನಾನು. ಆ ಬಿಸ್ಕತ್ತಿನ ಡಬ್ಬಿಯ ವಿಷಯ ಓದಿ ಸುಮ್ಮನಿರಲಾಗಲಿಲ್ಲ. ಚೀಟಿ ಇಲ್ಲದೆ ಇಂತಹ ನೋವಿನ ಮಾತ್ರೆ ಕೊಡಬಾರದೆಂದು ನಿಯಮ ಇದ್ದರೂ, ಕೈ ಸೊಟ್ಟಗಾದ ಅಜ್ಜಿಯೊಬ್ಬರು ಖಾಲಿ ಸ್ಟ್ರಿಪ್ ಹಿಡಿದು, "ಇದೇ ಕೊಡಪ್ಪಾ" ಎಂದಾಗ ಕೊಟ್ಟ ದಿನಗಳು ನನ್ನ ಬಾಳಿನಲ್ಲಿಯೂ ಇವೆ. ಅದನ್ನು ಈಗ ನೆನೆದರೆ ಸಂಕಟವಾಗುತ್ತದೆ.

ಡೈಕ್ಲೋಫಿನಾಕ್ ಮತ್ತು ಎಟೋರಿಕಾಕ್ಸಿಬ್ ಎರಡೂ ನೋವನ್ನು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಅವು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ, ರಕ್ತದೊತ್ತಡ ಏರಿಸುತ್ತವೆ, ಹೆಪ್ಪುಗಟ್ಟುವಿಕೆಯ ಸಮತೋಲನವನ್ನು ಕೆಡಿಸುತ್ತವೆ. ಇದೇ ಗುಂಪಿಗೆ ಸೇರಿದ ರೋಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸುತ್ತದೆಂದು ಖಚಿತವಾಗಿ 2004ರ ಸೆಪ್ಟೆಂಬರಿನಲ್ಲಿ ಜಗತ್ತಿನ ಎಲ್ಲ ಕಡೆ ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಬಿ.ಪಿ. 140/90ಕ್ಕಿಂತ ಮೇಲಿದ್ದು ಹತೋಟಿಗೆ ಬಾರದವರಿಗೆ ಎಟೋರಿಕಾಕ್ಸಿಬ್ ಕೊಡಬಾರದೆಂದು ಯುರೋಪಿನ ಔಷಧ ನಿಯಂತ್ರಕರು ಹೇಳಿದ್ದಾರೆ. ನಮ್ಮಲ್ಲಿ ಅದನ್ನು ಕೊಳ್ಳುವ ಎಷ್ಟು ಜನ ಮೊದಲು ಬಿ.ಪಿ. ನೋಡಿಸುತ್ತಾರೆ?

ಇನ್ನೊಂದು ಮುಖ್ಯ ವಿಷಯ. ಸ್ಟೆಂಟ್ ಹಾಕಿಸಿಕೊಂಡವರು ದಿನಕ್ಕೊಂದು ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಐಬುಪ್ರೊಫೆನ್ ಮೊದಲು ನುಂಗಿ ಆಮೇಲೆ ಆಸ್ಪಿರಿನ್ ನುಂಗಿದರೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣದಲ್ಲಿ ಆಸ್ಪಿರಿನ್ ಕೂರಬೇಕಾದ ಜಾಗವನ್ನು ಐಬುಪ್ರೊಫೆನ್ ಆಗಲೇ ಹಿಡಿದಿರುತ್ತದೆ. ಆಸ್ಪಿರಿನ್ ಹೊಟ್ಟೆಗೆ ಹೋಗಿಯೂ ಕೆಲಸ ಮಾಡುವುದಿಲ್ಲ. ಜ್ವರಕ್ಕೆಂದು, ಹಲ್ಲುನೋವಿಗೆಂದು ಕೊಳ್ಳುವ ಕೆಲವು ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಜೊತೆಗೆ ಐಬುಪ್ರೊಫೆನ್ ಬೆರೆತಿರುತ್ತದೆ. ಆದ್ದರಿಂದ ದೊಡ್ಡ ಅಕ್ಷರದ ಬ್ರಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರನ್ನು ಓದಬೇಕು, ಓದಲಾಗದಿದ್ದರೆ ಅಂಗಡಿಯವರಿಂದ ಓದಿಸಬೇಕು. ತಾಯಿಯವರ ಆ ಡಬ್ಬಿಯನ್ನು ದಯಮಾಡಿ ಹೃದಯದ ವೈದ್ಯರ ಮೇಜಿನ ಮೇಲೆ ಹಾಗೆಯೇ ಇಟ್ಟು ತೋರಿಸಿ.

ಯಶವಂತಪುರದ ಸೊಸೆ

ನಮ್ಮ ಅತ್ತೆಯವರೂ ಇದೇ ಕಾಯಿಲೆಯವರು. ಎರಡು ವರ್ಷ ಒಬ್ಬರ ಬಳಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಪುಡಿ ತೆಗೆದುಕೊಂಡರು. ಮೂರೇ ದಿನಕ್ಕೆ ಊತ ಇಳಿದು, ಸ್ವತಃ ರೊಟ್ಟಿ ತಟ್ಟುವಷ್ಟಾದರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಆಮೇಲೆ ಮುಖ ದುಂಡಗಾಯಿತು, ಸಕ್ಕರೆ 280ಕ್ಕೆ ಏರಿತು, ಬಿ.ಪಿ. ಬಂತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಈಗಿನ ವೈದ್ಯರು ಹೇಳುತ್ತಾರೆ. ಪುಡಿಯನ್ನು ಒಮ್ಮೆಲೇ ನಿಲ್ಲಿಸಬಾರದೆಂದೂ ಹೇಳಿದ್ದಾರೆ. ಸ್ಟೀರಾಯ್ಡಿನಿಂದ ಹೃದಯಕ್ಕೂ ತೊಂದರೆ ಇದೆಯೇ?

ವಾತರೋಗ ವೈದ್ಯೆ, ಜಯನಗರ

ಇದೆ, ಅಮ್ಮಾ. ಸಕ್ಕರೆ, ರಕ್ತದೊತ್ತಡ, ಕೊಬ್ಬು ಮೂರನ್ನೂ ಸ್ಟೀರಾಯ್ಡ್ ಏರಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2015ರ ವಿಶ್ಲೇಷಣೆಯೊಂದರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ ಸಂಧಿವಾತ ರೋಗಿಗಳಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು ಶೇ 47ರಷ್ಟು ಹೆಚ್ಚು, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ 28ರಷ್ಟು ಕಡಿಮೆ ಎಂದು ಕಂಡಿತು. ಕಾಯಿಲೆ ಜೋರಾಗಿರುವವರಿಗೇ ಸ್ಟೀರಾಯ್ಡ್ ಹೆಚ್ಚು ಕೊಡುವುದರಿಂದ ಆ 47ರಲ್ಲಿ ಕಾಯಿಲೆಯ ಪಾಲೂ ಸೇರಿರುತ್ತದೆ. ಆದರೂ ಸಾಧ್ಯವಾದಷ್ಟು ಕಡಿಮೆ ಪ್ರಮಾಣ, ಸಾಧ್ಯವಾದಷ್ಟು ಕಡಿಮೆ ಕಾಲ ಎಂಬುದೇ ಸರಿಯಾದ ದಾರಿ. ಪುಡಿಯನ್ನು ತಟ್ಟನೆ ನಿಲ್ಲಿಸಬಾರದು ಎಂದ ವೈದ್ಯರ ಮಾತು ಬಹಳ ಸರಿ. ಹೊರಗಿನಿಂದ ಬಹುಕಾಲ ಸ್ಟೀರಾಯ್ಡ್ ಸಿಕ್ಕಿದ ದೇಹ ತನ್ನದನ್ನು ತಯಾರಿಸುವುದನ್ನು ಮರೆತಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ವೈಟ್‌ಫೀಲ್ಡ್, 39

ನನ್ನದು ಬೇರೆ ಬಗೆಯ ಪ್ರಶ್ನೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿಗೆ ತೀರಿಕೊಂಡಾಗ, ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ ದಿನಗಳಲ್ಲಿ, ನಾನೂ ಒಂದು ಖಾಸಗಿ ಕೇಂದ್ರದಲ್ಲಿ ಪೂರ್ತಿ ತಪಾಸಣೆ ಮಾಡಿಸಿಕೊಂಡೆ. ಸಿಗರೇಟು, ಮದ್ಯ, ಅಪ್ಪನಿಗೆ ಹೃದ್ರೋಗ ಇತ್ತೇ ಎಂದೆಲ್ಲ ಕೇಳಿದರು. ಸಂಧಿವಾತದ ಮಾತು ಯಾರೂ ಎತ್ತಲಿಲ್ಲ, ನನಗೆ ಅದು ಇದೆಯೆಂದು ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಟ್ರೆಡ್‌ಮಿಲ್ ಪರೀಕ್ಷೆ ಸರಿಯಾಗಿದೆ ಎಂದು ಕಳುಹಿಸಿದರು.

ಕಳೆದ ವರ್ಷದಿಂದ ಸಂಧಿವಾತಕ್ಕೆ ಟೋಫಾಸಿಟಿನಿಬ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೀಬೋರ್ಡ್ ಮೇಲೆ ಕೈ ಮತ್ತೆ ಆಡುವಂತಾದದ್ದು ಅದರಿಂದಲೇ. ಈಗ ಆ ಮಾತ್ರೆಯಿಂದಲೇ ಹೃದಯಾಘಾತವಾಗುತ್ತದೆ ಎಂದು ಓದಿ ಎರಡು ದಿನ ನುಂಗದೆ ಬಿಟ್ಟೆ. ಏನು ಮಾಡಲಿ?

ವಾತರೋಗ ವೈದ್ಯೆ, ಜಯನಗರ

ಮೊದಲು ನಾಳೆ ಬೆಳಿಗ್ಗೆಯೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಬಿಟ್ಟಿರುವ ವಿಷಯವನ್ನು ತಿಳಿಸಿ. ಸ್ವಂತ ನಿರ್ಧಾರದಿಂದ ನಿಲ್ಲಿಸಿದರೆ ಕಾಯಿಲೆ ಕೆರಳುತ್ತದೆ, ಕೆರಳಿದ ಕಾಯಿಲೆಯೂ ಹೃದಯಕ್ಕೆ ಹಾನಿಯೇ.

ನೀವು ಓದಿದ ಎಚ್ಚರಿಕೆ ನಿಜ, ಆದರೆ ಅದು ಯಾರ ಬಗ್ಗೆ ಎಂಬುದನ್ನು ನೋಡಬೇಕು. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು 50 ವರ್ಷ ದಾಟಿದ, ಅದರ ಜೊತೆಗೆ ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂತಹ ಒಂದಾದರೂ ಅಪಾಯ ಇದ್ದ ರೋಗಿಗಳನ್ನು. ಒಟ್ಟು 4,362 ಜನರನ್ನು ಹಲವು ವರ್ಷ ಗಮನಿಸಿದಾಗ ಟೋಫಾಸಿಟಿನಿಬ್ ತೆಗೆದುಕೊಂಡವರಲ್ಲಿ ಶೇ 3.4 ಮಂದಿಗೂ, ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಶೇ 2.5 ಮಂದಿಗೂ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಸಂಭವಿಸಿತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 2021ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಔಷಧ ನಿಯಂತ್ರಕರು ಈ ಗುಂಪಿನ ಔಷಧಿಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಬೇಕೆಂದು ಆದೇಶಿಸಿದರು. ನೀವು ಧೂಮಪಾನ ಮಾಡದವರಾಗಿದ್ದು ಬಿ.ಪಿ. ಸರಿಯಿದ್ದರೆ, 39ರ ವಯಸ್ಸಿನಲ್ಲಿ ಆ ಅಂಕಿಗಳು ನಿಮಗೆ ಹಾಗೆಯೇ ಅನ್ವಯಿಸುವುದಿಲ್ಲ. ಧೂಮಪಾನ ಮಾಡುವವರಾದರೆ ಮಾತು ಬೇರೆ. ಆಗ ಮೊದಲು ಬಿಡಬೇಕಾದದ್ದು ಸಿಗರೇಟು. ಅದು ಹೃದಯವನ್ನು ಕೆಡಿಸುವುದಲ್ಲದೆ ಸಂಧಿವಾತ ಹುಟ್ಟುವುದಕ್ಕೂ ಬಲಿಯುವುದಕ್ಕೂ ಕಾರಣ. ಬೀಡಿಗೂ ಇದೇ ಮಾತು.

ಟ್ರೆಡ್‌ಮಿಲ್ ಪರೀಕ್ಷೆ ತೋರಿಸುವುದು ನಾಳ ಬಹುಮಟ್ಟಿಗೆ ಕಿರಿದಾಗಿದೆಯೇ ಎಂಬುದನ್ನು. ಒಡೆಯಬಹುದಾದ ಸಣ್ಣ ಗಡ್ಡೆ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಆ ವರದಿಯನ್ನು ಐದು ವರ್ಷದ ಅಭಯಪತ್ರವೆಂದು ತಿಳಿಯಬೇಡಿ. ಮುಂದಿನ ತಪಾಸಣೆಯಲ್ಲಿ ನನಗೆ ರುಮಟಾಯ್ಡ್ ಸಂಧಿವಾತ ಇದೆ ಎಂಬುದೇ ನಿಮ್ಮ ಮೊದಲ ಮಾತಾಗಿರಲಿ.

ರಾಜಾಜಿನಗರದ ನಿವೃತ್ತ ಬ್ಯಾಂಕ್ ಅಧಿಕಾರಿ

ವೈದ್ಯೆಯವರ ವಿವರಣೆಯ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪ ಹೇಳುತ್ತೇನೆ. ನನ್ನ ಪತ್ನಿಗೆ ಈ ಕಾಯಿಲೆ ಬಂದು 22 ವರ್ಷವಾಯಿತು, ಹೃದಯಕ್ಕೆ ಏನೂ ಆಗಿಲ್ಲ. ಕೀಲು ನೋವಿನಿಂದಲೇ ಹೈರಾಣಾದವರ ತಲೆಯ ಮೇಲೆ ಹೃದಯದ ಭಯವನ್ನೂ ಹೊರಿಸುವುದು ಸರಿಯೇ? ಶೇ 50 ಹೆಚ್ಚು ಎಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಜೊತೆಗೆ ಹೋದಲ್ಲೆಲ್ಲ ನಡೆಯಿರಿ, ನಡೆಯಿರಿ ಎನ್ನುತ್ತಾರೆ. ಮಂಡಿ ಊದಿ ಬಚ್ಚಲು ಮನೆಗೆ ಹೋಗಲೂ ಗೋಡೆ ಹಿಡಿಯುವವರು ಎಲ್ಲಿ ನಡೆಯಬೇಕು? ನಮ್ಮ ಬೀದಿಯ ಫುಟ್‌ಪಾತ್ ಕಲ್ಲುಗಳ ಮೇಲೆ ಗಟ್ಟಿ ಕಾಲಿನವರೇ ಮುಗ್ಗರಿಸುತ್ತಾರೆ.

ವಾತರೋಗ ವೈದ್ಯೆ, ಜಯನಗರ

ತಮ್ಮ ಆಕ್ಷೇಪ ನ್ಯಾಯವಾದದ್ದು. ಶೇ 50 ಹೆಚ್ಚು ಎಂದರೆ ನೂರರಲ್ಲಿ 50 ಮಂದಿಗೆ ಹೃದಯಾಘಾತ ಎಂದಲ್ಲ. ವಯಸ್ಸು, ಬಿ.ಪಿ., ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕ ಹಾಕಿ, ಒಬ್ಬರಿಗೆ ಮುಂದಿನ 10 ವರ್ಷಗಳಲ್ಲಿ ನೂರಕ್ಕೆ 8ರಷ್ಟು ಅಪಾಯ ಎಂದು ಬಂದರೆ, ಸಂಧಿವಾತ ಸೇರಿದಾಗ ಅದು 12 ಆಗುತ್ತದೆ. 88 ಮಂದಿ ಸುರಕ್ಷಿತವಾಗಿಯೇ ಇರುತ್ತಾರೆ, ತಮ್ಮ ಪತ್ನಿಯವರು ಅವರಲ್ಲಿ ಒಬ್ಬರು. ಆದರೆ 8ಕ್ಕೂ 12ಕ್ಕೂ ನಡುವೆ ಚಿಕಿತ್ಸೆಯ ನಿರ್ಧಾರವೇ ಬದಲಾಗಬಹುದು. 8 ಎಂದಾಗ ಕಾದು ನೋಡೋಣ ಎನ್ನುವ ವೈದ್ಯರು 12 ಎಂದಾಗ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆಯಬಹುದು, ಬಿ.ಪಿ.ಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬಹುದು. ಭಯಪಡಿಸದೆ ಹೇಳುವುದು ವೈದ್ಯರ ಹೊಣೆ. ಭಯವಾಗುತ್ತದೆಂದು ಹೇಳದೆಯೇ ಬಿಟ್ಟದ್ದರ ಪರಿಣಾಮ ಈ ಚರ್ಚೆಯ ಮೊದಲ ಬರಹದಲ್ಲಿದೆ.

ನಡೆಯುವ ವಿಷಯದಲ್ಲಿಯೂ ತಮ್ಮ ಮಾತು ಒಪ್ಪುತ್ತೇನೆ. ಊತ ಇರುವಾಗ ನಡೆಸಬಾರದು. ಮೊದಲು ಔಷಧಿಯಿಂದ ಕಾಯಿಲೆ ತಗ್ಗಬೇಕು, ಆಮೇಲೆ ಚಲನೆ. ಕುರ್ಚಿಯಲ್ಲಿ ಕುಳಿತು ಕಾಲು ನೀಡಿ ಮಡಚುವುದು, ನೀರಿನಲ್ಲಿ ನಡೆಯುವುದು, ಊಟದ ನಂತರ ಮನೆಯೊಳಗೆ ಹತ್ತು ನಿಮಿಷ ಓಡಾಡುವುದು ಇವೆಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಫುಟ್‌ಪಾತ್ ಬಿಟ್ಟು ಕೃಷ್ಣರಾವ್ ಪಾರ್ಕಿನಂತಹ ಸಮತಟ್ಟಾದ ಜಾಗ ಹತ್ತಿರವಿದ್ದವರು ಅಲ್ಲಿಗೆ ಹೋಗಬಹುದು. ಊಟದಲ್ಲಿ ನಾನು ಮುಖ್ಯವಾಗಿ ಕೇಳುವುದು ಉಪ್ಪನ್ನು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ದಿನವೂ ಎಲೆಯ ಮೇಲೆ ಇದ್ದರೆ, ಅದರ ಜೊತೆ ನೋವಿನ ಮಾತ್ರೆಯೂ ಇದ್ದರೆ, ಬಿ.ಪಿ. ಮಾತ್ರೆ ಒಂದೇ ಏನು ಮಾಡೀತು?

ಊರಿನಲ್ಲಿ ಹಿರಿಯರಿರುವವರಿಗೆ ಇನ್ನೊಂದು ವಿಷಯ. ಪುನೀತ್ ಅವರ ಹೆಸರಿನಲ್ಲಿಯೇ ಇರುವ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಕೀಲುನೋವಿನವರಿಗೆ ಭುಜ, ದವಡೆ ಅಥವಾ ಬೆನ್ನಿನ ನೋವು ಎಂದಿನ ಹಾಗಿಲ್ಲದಿದ್ದರೆ, ಕೈ ಆಡಿಸಿದರೂ ಆಡಿಸದಿದ್ದರೂ ಒಂದೇ ರೀತಿ ಇದ್ದರೆ, ಬೆವರು ಅಥವಾ ಏದುಸಿರು ಜೊತೆಗೂಡಿದರೆ, ಕಷಾಯಕ್ಕೆ ಒಲೆ ಹಚ್ಚುವ ಮೊದಲು 108ಕ್ಕೆ ಕರೆ ಮಾಡಿ. ಅದು ಕೀಲಿನ ನೋವೆಂದೇ ಕೊನೆಗೆ ತಿಳಿದರೂ ಯಾರೂ ಬೈಯುವುದಿಲ್ಲ.

ಗಾಂಧಿಬಜಾರಿನ ಮಗಳು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಋಣಿ.

ಹಳೆಯ ವರದಿ ಸಿಕ್ಕಿತು. ಎಲ್‌ಡಿಎಲ್ 98 ಎಂದಿದ್ದ ಅದೇ ದಿನ ಸಿ.ಆರ್.ಪಿ. 41 ಇತ್ತು, ಅಂದರೆ ಉರಿಯೂತ ಜೋರಾಗಿಯೇ ಇತ್ತು. ಹಿಂದಿನ ವರ್ಷದ ವರದಿಗಳನ್ನೂ ತೆಗೆದು ನೋಡಿದೆ. ಮೂರು ಭೇಟಿಗಳಲ್ಲಿ ಸಿ.ಆರ್.ಪಿ. 20ಕ್ಕಿಂತ ಕೆಳಗೆ ಇಳಿದೇ ಇಲ್ಲ. ಅಮ್ಮ ಪ್ರತಿ ಸಾರಿಯೂ ವೈದ್ಯರ ಎದುರು, "ಪರವಾಗಿಲ್ಲ, ಇದ್ದದ್ದೇ" ಎನ್ನುತ್ತಿದ್ದರು. ಪಕ್ಕದಲ್ಲಿ ಕುಳಿತ ನಾನೂ ಅದನ್ನೇ ನಂಬುತ್ತಿದ್ದೆ. ಮಾತ್ರೆ ನುಂಗಿ ಬಂದ ದಿನ ಪರವಾಗಿಲ್ಲ ಎನ್ನುವುದು ಸುಲಭ ಎಂದು ಈಗ ತಿಳಿಯುತ್ತಿದೆ.

ಬಿಸ್ಕತ್ತಿನ ಡಬ್ಬಿಯನ್ನು ಹೃದಯದ ವೈದ್ಯರ ಮೇಜಿನ ಮೇಲೆ ಇಟ್ಟೆ. ಅವರು ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿ, ಡೈಕ್ಲೋಫಿನಾಕನ್ನು ಪೂರ್ತಿ ನಿಲ್ಲಿಸಲು ಹೇಳಿದರು, ಸಂಧಿವಾತವನ್ನು ತಮ್ಮ ಚೀಟಿಯಲ್ಲಿ ಬರೆದುಕೊಂಡರು. ಎಲ್‌ಡಿಎಲ್ ಇನ್ನು ಮುಂದೆ 55ಕ್ಕಿಂತ ಕೆಳಗಿರಬೇಕು, ಆಗಲೇ ಹೃದಯಾಘಾತ ಆದವರಿಗೆ ಇರುವ ಗುರಿ ಅದು ಎಂದರು. ನೋವಿಗೆ ಏನು ಕೊಡುತ್ತೀರಿ ಎಂದು ಕೇಳಿದೆ. ಅದನ್ನು ಕೀಲಿನ ವೈದ್ಯರೇ ನಿರ್ಧರಿಸಬೇಕು ಎಂದರು. ಮೊದಲಾಗಿದ್ದರೆ ಅಷ್ಟಕ್ಕೇ ಎದ್ದು ಬರುತ್ತಿದ್ದೆ. ಈ ಸಾರಿ, ದಯವಿಟ್ಟು ಅವರಿಗೆ ಎರಡು ಸಾಲು ಬರೆದುಕೊಡಿ ಎಂದು ಕೇಳಿದೆ. ಬರೆದುಕೊಟ್ಟರು.

ಆ ಎರಡು ಸಾಲು ಓದಿದ ಕೀಲಿನ ವೈದ್ಯರು ಮೆಥೊಟ್ರೆಕ್ಸೇಟ್ ಪ್ರಮಾಣ ಹೆಚ್ಚಿಸಿದ್ದಾರೆ. ಮೂರು ತಿಂಗಳಲ್ಲಿ ಸಿ.ಆರ್.ಪಿ. ಇಳಿಯದಿದ್ದರೆ ಬೇರೆ ಔಷಧಿ ಸೇರಿಸುವುದಾಗಿಯೂ, ಹೃದಯದ ಈ ಸ್ಥಿತಿಯಲ್ಲಿ ಟೋಫಾಸಿಟಿನಿಬ್ ಕೊಡುವುದಿಲ್ಲವೆಂದೂ, ಸ್ಕ್ಯಾನಿನಲ್ಲಿ ಹೃದಯದ ಬಲ ಕಡಿಮೆಯೆಂದು ಬಂದಿರುವುದರಿಂದ ಟಿಎನ್‌ಎಫ್ ಚುಚ್ಚುಮದ್ದಿನ ಬಗ್ಗೆ ಹೃದಯದ ವೈದ್ಯರ ಜೊತೆ ಮಾತನಾಡಿಯೇ ನಿರ್ಧರಿಸುವುದಾಗಿಯೂ ಹೇಳಿದರು. 14 ವರ್ಷದಲ್ಲಿ ಮೊದಲ ಸಲ ಅಮ್ಮನ ತೋಳಿಗೆ ಅಲ್ಲಿಯೇ ಬಿ.ಪಿ. ಪಟ್ಟಿ ಕಟ್ಟಿದರು. 148/88 ಇತ್ತು.

ನೋವಿನ ಮಾತ್ರೆ ಇಲ್ಲದ ಮೊದಲ ವಾರ ಅಮ್ಮನಿಗೆ ಬಹಳ ಕಷ್ಟವಾಯಿತು. ಬೆಳಿಗ್ಗೆ ಕಾಫಿ ಲೋಟವನ್ನು ನಾನೇ ಹಿಡಿದು ಕುಡಿಸಿದ ದಿನಗಳೂ ಇದ್ದವು. ಪ್ಯಾರಸಿಟಮಾಲ್, ಬಿಸಿನೀರಿನಲ್ಲಿ ಕೈ ಅದ್ದುವುದು, ರಾತ್ರಿ ಮಣಿಕಟ್ಟಿಗೆ ಪಟ್ಟಿ, ಇಷ್ಟರಲ್ಲಿ ನಿಭಾಯಿಸುತ್ತಿದ್ದೇವೆ. ನಿನ್ನೆಯಿಂದ ಲೋಟವನ್ನು ಅವರೇ ಹಿಡಿಯುತ್ತಿದ್ದಾರೆ. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಎರಡೂ ವೈದ್ಯರ ಚೀಟಿಗಳು, ಬಿ.ಪಿ. ಬರೆಯುವ ಒಂದು ಸಣ್ಣ ಪುಸ್ತಕ ಇವೆ. ಮುಂದಿನ ರಕ್ತಪರೀಕ್ಷೆಯ ಅಂಕಿಗಳು ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.